ಮಾವ ತೊಳೆಯುತ್ತಿದ್ದ ಪಾತ್ರೆಗಳು

ಅತ್ತೆ ತೀರಿಕೊಂಡ ಮೇಲೆ ಮಾವ ಕಣಕಟ್ಟೆಯ ತೋಟವನ್ನು ದೊಡ್ಡ ಮಗನಿಗೆ ಒಪ್ಪಿಸಿ ಅರಸೀಕೆರೆಯ ನಮ್ಮ ಮನೆಗೆ ಬಂದರು. ನಾನು ಹೈಸ್ಕೂಲ್ ಟೀಚರು, ಗಂಡನಿಗೆ ಹಾಸನದಲ್ಲಿ ಕೆಲಸ. ಬೆಳಿಗ್ಗೆ ತಿಂಡಿ ತಿಂದ ತಟ್ಟೆಗಳನ್ನು ಸಿಂಕಿನಲ್ಲಿಟ್ಟು ಓಡುವವರು ನಾವು. ಮಾವ ಬಂದ ಹೊಸದರಲ್ಲಿ ಒಂದು ಸಂಜೆ ಮನೆಗೆ ಬಂದು ನೋಡಿದರೆ ಸಿಂಕು ಖಾಲಿ. ಮಾವ ಪಾತ್ರೆಗಳನ್ನೆಲ್ಲ ತೊಳೆದು, ದೊಡ್ಡದರ ಪಕ್ಕ ಚಿಕ್ಕದು ಎನ್ನುವ ಹಾಗೆ ಸಾಲಾಗಿ ಬೋರಲು ಹಾಕಿದ್ದರು.

ನನಗೆ ನಾಚಿಕೆಯಾಯಿತು. ಇನ್ನು ಮುಟ್ಟಬೇಡಿ ಎಂದು ಕೇಳಿಕೊಂಡೆ. ಅವರು ನಕ್ಕರು. ಹುಡುಗನಾಗಿದ್ದಾಗ ಮಠದಲ್ಲಿ ಉಂಡು ಓದಿದವರು ಅವರು. ದಾಸೋಹದ ಕೊಪ್ಪರಿಗೆಯೊಳಗೆ ಇಳಿದು, ಅಲ್ಲೇ ಕೂತು ಉಜ್ಜುತ್ತಿದ್ದರಂತೆ. ಅದರ ಮುಂದೆ ನಿಮ್ಮ ನಾಲ್ಕು ತಟ್ಟೆ ಯಾವ ಲೆಕ್ಕ ಎಂದರು. ಪಕ್ಕದ ಮನೆಯಾಕೆ ಒಮ್ಮೆ, ಸೊಸೆ ಇದ್ದೂ ನಿಮಗ್ಯಾಕೆ ಈ ಕೆಲಸ ಎಂದು ಕೇಳಿದಾಗ, ಅವಳು ಪಾಠ ಮಾಡುತ್ತಾಳೆ, ನಾನು ಪಾತ್ರೆ ತೊಳೆಯುತ್ತೇನೆ, ಅವರವರಿಗೆ ಬರುವ ಕೆಲಸ ಅವರವರು ಮಾಡುತ್ತೇವೆ ಎಂದು ಹಿತ್ತಿಲಿನಿಂದಲೇ ಉತ್ತರ ಕೊಟ್ಟರು. ಒಳಗಿದ್ದ ನನಗೆ ಅದು ಕೇಳಿಸಿತು. ಆಮೇಲೆ ನಾನು ತಡೆಯಲಿಲ್ಲ.

ಬರಬರುತ್ತಾ ಅವರ ಬೆರಳುಗಳು ಬಿರಿಯತೊಡಗಿದವು. ಮುದ್ದೆ ಮುರಿದು ಸಾರಿಗೆ ಅದ್ದಿದರೆ ಖಾರ ತಾಗಿ ಉರಿ. ಹಾಸನದ ಚರ್ಮದ ಡಾಕ್ಟರು ಮುಲಾಮು ಬರೆದುಕೊಟ್ಟು, ಸೋಪಿನ ನೀರಿಗೆ ಕೈ ಹಾಕಲೇಬೇಡಿ ಎಂದರು. ಅದಾದ ಮೇಲೆ ನನ್ನ ಗಂಡ ಯಾರನ್ನೂ ಕೇಳದೆ ಒಂದು ಡಿಶ್‌ವಾಷರ್ ಕೊಂಡು ತಂದರು.

ಯಂತ್ರ ಅಡುಗೆಮನೆಯಲ್ಲಿ ಕೂತ ದಿನ ಮಾವ ಹೊರಗೆ ಜಗುಲಿಯಲ್ಲಿ ಕೂತು, ಆಗಲೇ ಓದಿ ಮುಗಿಸಿದ್ದ ಪೇಪರನ್ನು ಮತ್ತೆ ಬಿಡಿಸಿದರು. ಇದ್ದೊಂದು ಕೆಲಸವೂ ಕೈತಪ್ಪಿತು ಅನ್ನಿಸಿರಬೇಕು. ನಾನು ಹೋಗಿ, "ಮಾವ, ಇದನ್ನ ನಡೆಸೋರು ನೀವೇ. ನನಗೆ ಬೆಳಿಗ್ಗೆ ಪುರುಸೊತ್ತೆಲ್ಲಿದೆ?" ಎಂದೆ. ಅವರು ಎದ್ದು ಬಂದು, ಅದರ ಬಾಗಿಲು ತೆಗೆದು ಒಳಗೆ ತಲೆ ಹಾಕಿ ನೋಡಿದರು.

ಯಂತ್ರದ ಜೊತೆಗೆ ಬಂದಿದ್ದ ಸೋಪಿನ ಪುಡಿ ಮುಗಿಯುವವರೆಗೂ ಎಲ್ಲ ಸುಸೂತ್ರವಾಗಿತ್ತು. ಮುಗಿದ ದಿನ ಮಾವ ಸಿಂಕಿನ ಪಕ್ಕದ ಪಾತ್ರೆ ಸೋಪಿನ ನೀರನ್ನೇ ಯಂತ್ರದ ಪುಡಿ ಹಾಕುವ ಡಬ್ಬಿಗೆ ಸುರಿದಿದ್ದರು. ನಾನು ಸ್ಕೂಲಿನಿಂದ ಬಂದಾಗ ಬಾಗಿಲ ಸಂದಿಯಿಂದ ನೊರೆ ಉಕ್ಕಿ ಊಟದ ಮೇಜಿನವರೆಗೂ ಹರಡಿತ್ತು. ಮಾವ ಪಂಚೆ ಎತ್ತಿ ಕಟ್ಟಿ, ನೊರೆಯನ್ನು ಚೊಂಬಿನಲ್ಲಿ ಮೊಗೆದು ಬಕೆಟ್ಟಿಗೆ ಹಾಕುತ್ತಿದ್ದರು. ಮೊಗೆದಷ್ಟೂ ಬರುತ್ತಿತ್ತು.

"ಇದಕ್ಕೆ ಈ ಸೋಪು ಆಗ್ಬರಲ್ಲ ಕಣವ್ವ," ಎಂದರು ಗಂಭೀರವಾಗಿ.

ನಾನು ಬಾಗಿಲಲ್ಲೇ ಕೂತು ನಕ್ಕೆ. ಸ್ವಲ್ಪ ಹೊತ್ತಿಗೆ ಅವರೂ ನಕ್ಕರು. ಯಂತ್ರ ನಿಲ್ಲಿಸಿ, ನೀರೆಲ್ಲ ಬಳಿದು, ಬರೀ ನೀರಿನಲ್ಲಿ ಓಡಿಸಿದೆವು. ಮಾರನೇ ದಿನ ಯಂತ್ರಕ್ಕೆಂದೇ ಮಾಡಿದ, ನೊರೆ ಬರದ ಪುಡಿ ತಂದೆ.

ನೊರೆಯ ಕಾಟ ತಪ್ಪಿತು, ಆದರೂ ಅವರ ಬೆರಳು ವಾಸಿಯಾಗಲಿಲ್ಲ. ಮುಲಾಮು ಹಚ್ಚುತ್ತಲೇ ಇದ್ದರು. ಕಾರಣ ಗೊತ್ತಾದದ್ದು ಒಂದು ಶನಿವಾರ. ಅರ್ಧ ದಿನದ ಸ್ಕೂಲು ಮುಗಿಸಿ ಬಂದರೆ, ಮಾವ ಹಿತ್ತಿಲ ಕಲ್ಲಿನ ಮೇಲೆ ತಟ್ಟೆಗಳನ್ನು ಹರಡಿಕೊಂಡು ಉಜ್ಜುತ್ತಿದ್ದರು. ಯಂತ್ರ ತೊಳೆದು ಕೊಟ್ಟ ತಟ್ಟೆಗಳೇ ಅವು. ನನ್ನನ್ನು ಕಂಡು ಕೈಗಳನ್ನು ಟವೆಲ್ಲಿನೊಳಗೆ ಮರೆಮಾಡಿದರು.

"ಒಳಗಿಂದ ತೆಗೆದ್ರೆ ತಟ್ಟೆ ಎಲ್ಲ ಬೆಳ್ಳಗೆ, ಸುಣ್ಣ ಬಳಿದಂಗೆ ಇರ್ತೈತೆ. ಮಗ ಆಸೆಪಟ್ಟು ತಂದವ್ನೆ. ಸರಿ ಇಲ್ಲ ಅಂದ್ರೆ ನೊಂದ್ಕಂತಾನೆ, ಅದಕ್ಕೆ," ಎಂದರು.

ಆ ಕೈಗಳನ್ನು ಒರೆಸಿ ಮುಲಾಮು ಹಚ್ಚಿ, ಯಂತ್ರ ಕೂರಿಸಿಕೊಟ್ಟವನಿಗೆ ಫೋನ್ ಮಾಡಿದೆ. ಯಾವ ಉಪ್ಪು ಹಾಕಿದ್ದೀರಿ ಎಂದು ಕೇಳಿದ. ನಾವು ಉಪ್ಪನ್ನೇ ಹಾಕಿರಲಿಲ್ಲ. ಪಾತ್ರೆಗೆ ಉಪ್ಪು ಯಾಕೆ ಎಂದುಕೊಂಡಿದ್ದೆವು. ಬೋರ್‌ವೆಲ್ಲಿನ ಗಡಸು ನೀರನ್ನು ಮೆದು ಮಾಡುವ ಭಾಗವೊಂದು ಯಂತ್ರದೊಳಗಿದೆ, ಉಪ್ಪಿಲ್ಲದೆ ಅದು ಕೆಲಸ ಮಾಡುವುದಿಲ್ಲ, ನೀರಿನ ಸುಣ್ಣವೆಲ್ಲ ತಟ್ಟೆಯ ಮೇಲೆ ಕೂರುತ್ತದೆ ಎಂದ. ಅಷ್ಟರಲ್ಲಿ ಮಾವ ಅಡುಗೆಯ ಉಪ್ಪಿನ ಡಬ್ಬಿ ಹಿಡಿದು ಸಿದ್ಧವಾಗಿ ನಿಂತಿದ್ದರು. ಅದು ಬೇಡವೇ ಬೇಡ ಎಂದ ಅವನು. ಪುಡಿ ಉಪ್ಪಿಗೆ ಬೇರೆ ಏನೇನೋ ಸೇರಿಸಿರುತ್ತಾರೆ, ಗಟ್ಟಿಕಟ್ಟಿ ಕೂತುಬಿಡುತ್ತದೆ; ಸಂತೆಯ ಕಲ್ಲುಪ್ಪಿನಲ್ಲಿ ಕಸ, ಮಣ್ಣು ಇರುತ್ತದೆ. ಡಿಶ್‌ವಾಷರಿಗೆಂದೇ ಸಿಗುವ ದಪ್ಪ ಹರಳಿನ ಶುದ್ಧ ಉಪ್ಪೇ ಆಗಬೇಕಂತೆ.

ಗಂಡ ಹಾಸನದಿಂದ ಅದನ್ನು ತಂದರು. ಯಂತ್ರದ ತಳದಲ್ಲಿದ್ದ ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದು, ಮೊದಲ ಸಲವಾದ್ದರಿಂದ ನೀರು ತುಂಬಿಸಿ, ಲಾಳಿಕೆಯಿಟ್ಟು ಮಾವ ನಿಧಾನವಾಗಿ ಉಪ್ಪು ಸುರಿದರು. ಸುತ್ತ ಚೆಲ್ಲಿದ್ದನ್ನು ನಾನು ಒರೆಸಿದೆ. ನಮ್ಮ ನೀರಿನ ಗಡಸಿಗೆ ತಕ್ಕಂತೆ ಗುಂಡಿ ಒತ್ತಿ, ಪಾತ್ರೆಯಿಲ್ಲದೆ ಒಮ್ಮೆ ಓಡಿಸಿದೆವು. ಕೆಲವೇ ದಿನಗಳಲ್ಲಿ ತಟ್ಟೆಗಳು ಹೊಳೆಯತೊಡಗಿದವು. ತಿಂಗಳು ಕಳೆಯುವಷ್ಟರಲ್ಲಿ ಮಾವ ಉರಿಯಿಲ್ಲದೆ ಮುದ್ದೆ ಉಂಡರು.

ಮೊನ್ನೆ ಬೇಲೂರಿನಿಂದ ನನ್ನ ನಾದಿನಿ ಫೋನ್ ಮಾಡಿ, ಅಪ್ಪಾ, ನಾವೂ ಡಿಶ್‌ವಾಷರ್ ತಗೊಂಡ್ವಿ ಎಂದಳು. ಮಾವ ಎದ್ದು ನಿಂತೇ ಮಾತಾಡಿದರು. "ಉಪ್ಪು ಪಾತ್ರೆಗಲ್ಲ ಕಣೇ, ನೀರಿಗೆ. ನಿಮ್ಮೂರ ನೀರು ಎಂಥದ್ದು ಅಂತ ಮೊದ್ಲು ನೋಡ್ಸು." ಅಷ್ಟಕ್ಕೂ ಸಮಾಧಾನವಾಗದೆ, ಮಾರನೇ ಬೆಳಿಗ್ಗೆ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿದರು. ಎರಡು ದಿನಕ್ಕೆಂದು ಹೋದವರು ವಾರ ಕಳೆದು ಬಂದರು. ಯಾಕೆ ತಡವಾಯಿತು ಎಂದರೆ, ಮಗಳು ಲೋಟಗಳನ್ನು ಬೋರಲು ಹಾಕದೆ ನೆಟ್ಟಗೆ ನಿಲ್ಲಿಸುತ್ತಿದ್ದಳಂತೆ. ತಿದ್ದಲು ಅಷ್ಟು ದಿನ ಹಿಡಿಯಿತು ಎಂದರು.