ಭಜನೆ ಹೊತ್ತಿನ ಲೆಕ್ಕದ ಮೇಷ್ಟ್ರು

ಅವರ ಎಡಗಿವಿಯ ಮೇಲಿನ ಕೂದಲು ಮಾತ್ರ ಬೆಳ್ಳಗಿರುತ್ತಿತ್ತು. ವಯಸ್ಸಾಗಿ ಅಲ್ಲ. ಬಡಗಿ ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಹಾಗೆ ಸೀಮೆಸುಣ್ಣದ ತುಂಡನ್ನು ಕಿವಿಗೆ ಸಿಕ್ಕಿಸಿಕೊಂಡು, ಅದು ಅಲ್ಲಿದೆ ಎಂಬುದನ್ನೇ ಮರೆತು, ಜೇಬು, ಮೇಜಿನ ಡ್ರಾಯರು, ಕಿಟಕಿಯ ಗೂಡು ಎಲ್ಲವನ್ನೂ ತಡಕಾಡುತ್ತಿದ್ದರು. ನಾವು ಬಾಯಿ ಬಿಡುತ್ತಿರಲಿಲ್ಲ. ಲೆಕ್ಕದ ಪೀರಿಯಡ್ಡಿನಲ್ಲಿ ಅಷ್ಟು ಹೊತ್ತು ಕಳೆದರೂ ಪುಣ್ಯವೇ ಅಲ್ಲವೇ!

ಕೊರಟಗೆರೆ ಕಡೆಯ ಒಂದು ಮಠದ ಹೈಸ್ಕೂಲು ಅದು. ನಾನು ಮಿಡಿಗೇಶಿ ಹತ್ತಿರದವಳು, ಮಠದ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿದ್ದೆ. ಅಲ್ಲಿ ಬೆಳಕು ಹರಿಯುವ ಮೊದಲೇ ಪ್ರಾರ್ಥನೆ, ಊಟಕ್ಕೆ ಮುಂಚೆ ವಚನ, ಸಂಜೆ ಭಜನೆ. ಬಾಯಿಪಾಠ ನಮಗೆ ನೀರು ಕುಡಿದಷ್ಟು ಸಲೀಸು. ಹಾಗಾಗಿ ಲೆಕ್ಕವನ್ನೂ ಹಾಡಿಕೊಂಡೇ ಕಲಿತಿದ್ದೆವು. 'ದತ್ತ: ಎಬಿಸಿ ತ್ರಿಭುಜದಲ್ಲಿ ಡಿಇ ಸಮಾಂತರ ಬಿಸಿ' ಎಂದು ಒಬ್ಬಳು ಎತ್ತಿಕೊಟ್ಟರೆ, ಇಡೀ ಕ್ಲಾಸು ಶ್ಲೋಕದ ಧಾಟಿಯಲ್ಲಿ ಕೊನೆಯ ಸಾಲಿನವರೆಗೂ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿತ್ತು. ಹಿಂದಿದ್ದ ಮೇಷ್ಟ್ರು ಹಾಗೇ ಕಲಿಸಿ ರಿಟೈರ್ ಆಗಿ ಹೋಗಿದ್ದರು.

ಕಿವಿಗೆ ಸೀಮೆಸುಣ್ಣ ಸಿಕ್ಕಿಸುವ ಈ ಮೇಷ್ಟ್ರು ಬಂದದ್ದು ನಾವು ಹತ್ತನೇ ಕ್ಲಾಸಿಗೆ ಬಂದ ವರ್ಷ. ಪಾವಗಡದ ಆಚೆ ನಾಗಲಮಡಿಕೆ ಕಡೆಯವರು, ಮಾತಿನಲ್ಲಿ ಅರ್ಧ ತೆಲುಗು. ನಮ್ಮ ಪ್ರಮೇಯ ಗಾಯನ ಕೇಳಿ ಕಣ್ಣರಳಿಸಿಬಿಟ್ಟರು. "ಅಬ್ಬಬ್ಬಾ, ಎಂಥ ಸೊಗಸಾಗಿ ಹೇಳ್ತೀರಮ್ಮಾ! ನಮ್ ಕಡೆ ಹುಡುಗ್ರು ಪ್ರಮೇಯ ಅಂದ್ರೆ ಓಡೋಗ್ತಾರೆ" ಎಂದು ಕೈಕಟ್ಟಿ ನಿಂತು ಪೂರಾ ಕೇಳಿದರು. ನಮಗೋ, ಜಂಬವೋ ಜಂಬ.

ಜಂಬ ಇಳಿದದ್ದು ಪ್ರಿಪರೇಟರಿ ಪರೀಕ್ಷೆಯಲ್ಲಿ. ಪ್ರಶ್ನೆಪತ್ರಿಕೆ ಹೊರಗಿನಿಂದ ಬಂದಿತ್ತು. ಪ್ರಮೇಯ ಅದೇ, ಚಿತ್ರ ಮಾತ್ರ ತಲೆಕೆಳಗು. ಎಬಿಸಿ ಇದ್ದ ಜಾಗದಲ್ಲಿ ಪಿಕ್ಯೂಆರ್. ನಾವು ಚಿತ್ರ ನೋಡಿದೆವಾ? ಎಲ್ಲಿಂದ! ಮನಸ್ಸಿನಲ್ಲೇ ಧಾಟಿ ಹಿಡಿದು ಇಡೀ ಕ್ಲಾಸು ಒಗ್ಗಟ್ಟಾಗಿ ಎಬಿಸಿ ಎಂದೇ ಬರೆದು ಬಂತು. ಇಲ್ಲದ ತ್ರಿಭುಜವನ್ನು ಅಷ್ಟು ಅಚ್ಚುಕಟ್ಟಾಗಿ ಸಾಧಿಸಿದವರು ಈ ಸೀಮೆಯಲ್ಲಿ ಇನ್ಯಾರೂ ಇರಲಾರರು. ಉಳಿದ ಲೆಕ್ಕಗಳಲ್ಲೂ ಅದೇ ಕತೆಯಾಗಿ, ಹೆಚ್ಚುಕಡಿಮೆ ಎಲ್ಲರೂ ಫೇಲು.

ಬೇರೆಯವರಿಗೆ ಅದು ಬೈಗುಳದಲ್ಲಿ ಮುಗಿಯುವ ಮಾತು. ನನಗೆ ಹಾಗಿರಲಿಲ್ಲ. ಅಪ್ಪ ತೀರಿಕೊಂಡಿದ್ದರು. ಹತ್ತನೇದು ಫೇಲಾದರೆ ಗಾರ್ಮೆಂಟ್ಸಿಗೆ ಸೇರಿಸುವುದೆಂದು ಸೋದರಮಾವ ಆಗಲೇ ಮಾತಾಡಿ ಇಟ್ಟಿದ್ದ. ನಮ್ಮೂರಿನ ಹುಡುಗಿಯರನ್ನು ತುಂಬಿಕೊಂಡು ಬೆಳಿಗ್ಗೆ ಹೊರಡುವ ಫ್ಯಾಕ್ಟರಿ ಬಸ್ಸಿನಲ್ಲಿ ನನಗೂ ಒಂದು ಸೀಟು ಕಾದಿತ್ತು. ನಾನು ಉತ್ತರಪತ್ರಿಕೆ ಮಡಚಿ ಹಿಡಿದು ಅಳುತ್ತಿದ್ದೆ. ಮೇಷ್ಟ್ರು ಯಾರನ್ನೂ ಬೈಯಲಿಲ್ಲ. "ತಪ್ಪು ನಿಮ್ದಲ್ಲಮ್ಮಾ. ಕೇಳಕ್ಕೆ ಚೆಂದಾಗಿತ್ತು ಅಂತ ನಾನೂ ಕೇಳ್ಕೊಂಡು ಕೂತ್ಬುಟ್ಟೆ" ಎಂದರು. ಮೇಷ್ಟ್ರೊಬ್ಬರು ಕ್ಲಾಸಿನ ಮುಂದೆ ನಿಂತು ತಪ್ಪು ನಂದು ಅಂದದ್ದನ್ನು ನಾನು ಆವತ್ತೇ ಮೊದಲು ಕೇಳಿದ್ದು.

ಸುದ್ದಿ ಸ್ವಾಮಿಗಳಿಗೆ ಮುಟ್ಟಿತು. ಮಠಕ್ಕೂ ಶಾಲೆಗೂ ಅವರೇ ಹಿರಿಯರು, ನಾವೆಲ್ಲ ಬುದ್ಧಿ ಎನ್ನುತ್ತಿದ್ದೆವು. ನೇರ ಕ್ಲಾಸಿಗೇ ಬಂದರು. "ಏನ್ ಮೇಷ್ಟ್ರೇ, ಮಕ್ಕಳು ಇಷ್ಟು ಚೆನ್ನಾಗಿ ಒಪ್ಪಿಸ್ತಿದ್ವಲ್ಲ, ಏನಾಯ್ತು?" ಎಂದು ಕೇಳಿದರು.

"ಒಪ್ಪಿಸಿದ್ದೇ ಆಯ್ತು ಬುದ್ಧಿ, ಕಲೀಲಿಲ್ಲ. ಪರೀಕ್ಷೆಗಂಟ ಸಂಜೆ ಭಜನೆ ಹೊತ್ತು ನಂಗೆ ಕೊಡ್ಬೇಕು."

ಜ್ವರ ಬಂದು ಮಲಗಿದವರನ್ನೂ ಎಬ್ಬಿಸಿ ಕೂರಿಸುವ ಭಜನೆ ಅದು.

"ಭಜನೆ ಬುಡಕ್ಕಾಗುತ್ತೇನಪ್ಪಾ? ಲೆಕ್ಕ ಅಲ್ಲೇ ಬಾಯಿಪಾಠ ಮಾಡ್ಲಿ."

ಮೇಷ್ಟ್ರು ವಾದಕ್ಕೆ ನಿಲ್ಲಲಿಲ್ಲ. ಬೋರ್ಡಿನ ಮೇಲೆ ಒಂದು ತ್ರಿಭುಜ ಬರೆದು, ತಳಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆದು ತಿರುಗಿದರು. "ಈ ಗೆರೆ ಎರಡು ಪಕ್ಕನೂ ಒಂದೇ ಅನುಪಾತದಲ್ಲಿ ಕತ್ತರಿಸ್ತದೆ ಬುದ್ಧಿ. ಎಂದುಕು?"

ಎಂದುಕು ಎಂದರೆ ತೆಲುಗಿನಲ್ಲಿ ಯಾಕೆ ಎಂದು. ಫೇಲಾದ ದಿನದಿಂದ ನಮ್ಮನ್ನು ಕೇಳಿ ಕೇಳಿ ಅಭ್ಯಾಸವಾಗಿ ಬಾಯಿ ತಪ್ಪಿ ಬಂದುಬಿಟ್ಟಿತ್ತು. ಪಕ್ಕದಲ್ಲಿದ್ದವಳು ನನ್ನ ತೊಡೆ ಚಿವುಟಿದಳು. ಬುದ್ಧಿಯವರನ್ನು ಪ್ರಶ್ನೆ ಕೇಳುವವರು ಉಂಟೇ! ಅವರು ಬೋರ್ಡಿನ ಹತ್ತಿರ ಹೋಗಿ ಆ ಗೆರೆಯ ಮೇಲೆ ಬೆರಳಾಡಿಸಿದರು. ಆಮೇಲೆ ನಕ್ಕುಬಿಟ್ಟರು. "ಗೊತ್ತಿಲ್ಲ ಕಣಪ್ಪಾ. ನಾವೂ ಒಪ್ಪಿಸಿಯೇ ಪಾಸಾದವ್ರು. ಆಯ್ತು, ಸಂಜೆ ಹೊತ್ತು ನಿಮ್ದು. ನಾನೂ ಬಂದು ಕೂರ್ತೀನಿ, ನಂಗೂ ಹೇಳ್ಕೊಡಿ."

ಆ ಸಂಜೆಗಳು! ಭಜನೆಯ ಹಾಲಿನಲ್ಲಿ ಜಮಖಾನ ಮಡಚಿಟ್ಟು, ನೆಲದ ತುಂಬ ತ್ರಿಭುಜ ಬರೆಸುತ್ತಿದ್ದರು. ಎಬಿಸಿ ಎಂದರೆ ಸೀಮೆಸುಣ್ಣ ಕಿತ್ತುಕೊಳ್ಳುತ್ತಿದ್ದರು. "ಮಧುಗಿರಿ, ಸಿರಾ, ಪಾವಗಡ ಅಂತ ಬರೀರಮ್ಮಾ. ಈಗ ಪಾವಗಡದ ರಸ್ತೇಲಿ ಮಿಡಿಗೇಶೀಲಿ ನಿಂತ್ಕಂಡು, ಸಿರಾ-ಪಾವಗಡಕ್ಕೆ ಸಮಾಂತರ ಗೆರೆ ಎಳೀರಿ. ಸಿರಾ ರಸ್ತೇಲಿ ಎಲ್ಲಿಗೆ ಬರ್ತದೆ?" ಬಡವನಹಳ್ಳಿ ಹತ್ರ ಸಾ, ಎಂದು ಕೂಗಿದೆ. "ಎಂದುಕಮ್ಮಾ?" ಎಂದರು. ಹೇಳಲಾಗಲಿಲ್ಲ. ನಿಜಕ್ಕೂ ಅಲ್ಲಿಗೇ ಬರುತ್ತದೋ ಇಲ್ಲವೋ ದೇವರೇ ಬಲ್ಲ. ಆದರೆ ಗೆರೆ ಎಳೆದು, ಅಳೆದು, ಜಗಳವಾಡಿ, ಕೊನೆಗೊಂದು ದಿನ ಯಾಕೆ ಎಂದು ನನಗೇ ಹೊಳೆಯಿತು. ನೆಲದ ಮೇಲೆ ಕೂತಿದ್ದವಳು ಎದ್ದು ಕುಣಿದೆ. ಬುದ್ಧಿಯವರೂ ಮೂಲೆಯಲ್ಲಿ ಕೂತು ತಲೆದೂಗಿದರು. ಅಷ್ಟು ಖುಷಿ ನನಗೆ ಆಮೇಲೆ ಮದುವೆಯ ದಿನವೂ ಆಗಿಲ್ಲ, ಸುಳ್ಳೇಕೆ ಹೇಳಲಿ.

ಪಾಸಾದೆ. ಲೆಕ್ಕದಲ್ಲಿ ಶಾಲೆಗೇ ಹೆಚ್ಚು ನಂದೇ. ಆದರೂ ಮಾವ ಪಟ್ಟು ಬಿಡಲಿಲ್ಲ. "ಓದಿದ್ದು ಸಾಕು ಬುಡು. ಪಾಸಾದೋರ್ಗೆ ಕೆಲ್ಸ ಇನ್ನೂ ಚೆನ್ನಾಗಿರೋದು ಕೊಡ್ತಾರಂತೆ" ಎಂದ. ಅಮ್ಮ ತಲೆ ತಗ್ಗಿಸಿ ಕೂತಳು. ಅದು ಮೇಷ್ಟ್ರಿಗೆ ಹೇಗೆ ತಿಳಿಯಿತೋ, ಒಂದು ಮಧ್ಯಾಹ್ನ ಬಸ್ಸಿಳಿದು, ಬಿಸಿಲಲ್ಲಿ ನಡೆದುಕೊಂಡು ನಮ್ಮ ಮನೆಗೇ ಬಂದುಬಿಟ್ಟರು. ಜಗಲಿಯ ಮೇಲೆ ಕೂತು ನೀರು ಕುಡಿದರು.

ಅಮ್ಮ ಬಾಗಿಲ ಮರೆಯಿಂದಲೇ ಕೇಳಿದಳು. "ಹೆಣ್ಣುಡ್ಗೀಗೆ ಇನ್ನೂ ಎಷ್ಟು ಲೆಕ್ಕ ಬೇಕು ಸಾ?"

ದೊಡ್ಡ ಭಾಷಣ ಮಾಡುತ್ತಾರೆ, ಆಫೀಸರ್ ಆಗ್ತಾಳೆ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಹೇಳಿದ್ದಿಷ್ಟೇ: "ಅದು ನಂಗೂ ಗೊತ್ತಿಲ್ಲಮ್ಮಾ. ಈ ಹುಡುಗಿ ಎಲ್ಲಿಗಂಟ ಹೋಗ್ತಾಳೋ ನೋಡ್ಬೇಕು ಅಂತ ಆಸೆ. ನೋಡಕ್ಕೆ ಬುಡ್ರಮ್ಮಾ."

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು. ಮಾರನೆಯ ದಿನ ಮಾವನಿಗೆ ಅವಳೇ ಹೇಳಿದಳು, "ಅವ್ಳು ಕಾಲೇಜ್ಗೆ ಓಯ್ತಾಳೆ ಕಣಣ್ಣಾ. ಇನ್ ಮಾತ್ ಬ್ಯಾಡ." ಅಮ್ಮ ಅಣ್ಣನ ಮಾತು ಮೀರಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ಮೇಷ್ಟ್ರು ಹೋಗಿಬಿಟ್ಟರು. ಎದೆನೋವು ಎಂದು ಕೂತವರು ಮತ್ತೆ ಏಳಲಿಲ್ಲವಂತೆ. ಅವರೂರಿಗೆ ನಾನೂ ಅಮ್ಮನೂ ಹೋದೆವು. ಮನೆಯವರು ತೆಲುಗಿನಲ್ಲಿ ಅಳುತ್ತಿದ್ದರು, ಅಮ್ಮ ಕನ್ನಡದಲ್ಲಿ. ನನಗಿಂತ ಅವಳೇ ಹೆಚ್ಚು ಅತ್ತಳು. "ಇನ್ನೂ ಓದ್ತಾವ್ಳೆ ಸಾಮಿ, ಇಷ್ಟ್ ಬೇಗ ಯಾಕ್ ಹೊಂಟ್ರಿ?" ಎಂದು ಅವರ ಪಾದ ಹಿಡಿದುಕೊಂಡವಳನ್ನು ಬಿಡಿಸುವುದೇ ಕಷ್ಟವಾಯಿತು.

ಈಗ ನಾನು ಸಿರಾ ಕಡೆಯ ಒಂದು ಹೈಸ್ಕೂಲಿನಲ್ಲಿ ಲೆಕ್ಕ ಹೇಳುತ್ತೇನೆ. ಮಕ್ಕಳು ಮೇಡಂ ಮೇಡಂ ಎಂದು ಮುತ್ತಿಕೊಳ್ಳುತ್ತಾರೆ, ಇನ್ಸ್‌ಪೆಕ್ಷನ್ನಿಗೆ ಬಂದವರು ಭೇಷ್ ಎನ್ನುತ್ತಾರೆ. ಯಾರು ಎಷ್ಟು ಹೊಗಳಿದರೂ, ಪಾಠ ಮುಗಿದ ಮೇಲೆ ನನ್ನ ಕಣ್ಣು ಬಾಗಿಲ ಕಡೆಗೇ ಹೋಗುತ್ತದೆ. ನಾನು ಇಲ್ಲಿಗಂಟ ಬಂದೆ, ಸಾ. ಒಂದು ಗಳಿಗೆ ಬಂದು ನೋಡಿ ಹೋಗಬಾರದಾ?