ಬೀಗದ ಕೈಯ ಹೆಡ್ಮಾಸ್ಟರು

ಕಿವಿ ಕೆರೆದುಕೊಳ್ಳುವುದಕ್ಕೂ ನಮ್ಮ ಹೆಡ್ಮಾಸ್ಟರು ಆ ಬೀಗದ ಕೈಯನ್ನೇ ಬಳಸುತ್ತಿದ್ದರು. ಕೊರಳಲ್ಲಿ ಕೆಂಪು ದಾರಕ್ಕೆ ಕಟ್ಟಿಕೊಂಡಿದ್ದ ಹಿತ್ತಾಳೆಯ ಕೈ. ಪಾಠದ ನಡುವೆ ಅದನ್ನು ಕಿವಿಯಲ್ಲಿಟ್ಟು ತಿರುವಿ, ಕಣ್ಣು ಅರೆಮುಚ್ಚಿ, ಆಮೇಲೆ ಅಂಗಿಗೆ ಒರೆಸಿಕೊಳ್ಳುವರು. ನಮಗೆ ಹೇಸಿಗೆಯಾಗುತ್ತಿತ್ತು. ಅದು ಕಂಪ್ಯೂಟರ್ ರೂಮಿನ ಬೀಗದ ಕೈ.

ತೊಂಬತ್ತರ ದಶಕದ ಕೊನೆಗೆ, ಪಾಂಡವಪುರದ ಕಡೆಯ ನಮ್ಮ ಹೈಸ್ಕೂಲಿಗೆ ಬೆಂಗಳೂರಿನ ಸಂಸ್ಥೆಯೊಂದು ಹಳ್ಳಿ ಮಕ್ಕಳೂ ಕಲಿಯಲಿ ಎಂದು ಒಂದು ಕಂಪ್ಯೂಟರ್ ಕೊಟ್ಟಿತು. ತಂದವರು ಹೇಳಿಕೊಟ್ಟದ್ದಕ್ಕೆಲ್ಲ ಹೆಡ್ಮಾಸ್ಟರು ತಲೆಯಾಡಿಸಿದರು. ಸಂಸ್ಥೆಯವರ ಜೀಪು ಮರೆಯಾದದ್ದೇ ತಡ, ಕಂಪ್ಯೂಟರಿಗೆ ಸ್ಯಾಟಿನ್ ಬಟ್ಟೆ ಹೊದಿಸಿ ಬೀಗ ಜಡಿದರು. ಆಯುಧಪೂಜೆಯ ದಿನ ಮಾತ್ರ ಬಾಗಿಲು ತೆಗೆದು, ಫ್ಲಾಪಿ ಹಾಕುವ ಸೀಳಿಗೆ ಊದುಬತ್ತಿ ಸಿಕ್ಕಿಸಿದರು.

ಮಿಕ್ಕ ದಿನ ನಾವು ಕಿಟಕಿಯಿಂದ ಇಣುಕಬೇಕು. ಅದಕ್ಕೂ ನಿಯಮವಿತ್ತು. ಕಂಪ್ಯೂಟರಿಗೆ ವೈರಸ್ ತಗಲುತ್ತದೆ ಎಂದು ಅವರು ಎಲ್ಲೋ ಕೇಳಿದ್ದರು. "ನೆಗಡಿ ಆಗಿರೋರು ಕಿಟಕಿ ತಾವ್ಕೂ ಬರ್ಬೇಡಿ ಕಣ್ರಲಾ, ಅದ್ಕೆ ಅಂಟ್ಕತದೆ" ಎಂದು ಪ್ರಾರ್ಥನೆಯಲ್ಲಿ ನಿಂತು ಹೇಳಿದರು. ನಾವು ನಂಬಿದೆವು. ನಾನಂತೂ ಸೀನು ಬಂದರೆ ಮೂಗು ಒತ್ತಿ ಹಿಡಿಯುತ್ತಿದ್ದೆ.

ಗುಂಡಿ ಒತ್ತಿದರೆ ಗಾಜಿನ ಮೇಲೆ ಅಕ್ಷರ ಹೇಗೆ ಮೂಡುತ್ತದೆಂದು ಒಮ್ಮೆ ನೋಡಬೇಕೆಂಬುದು ನನ್ನ ಆಸೆ. ನಾನಾಗ ಹತ್ತನೇ ಕ್ಲಾಸು, ಅದು ಮುಗಿದರೆ ಕಿಟಕಿಯಿಂದ ಇಣುಕುವುದೂ ಇಲ್ಲ. ಧೈರ್ಯ ಮಾಡಿ ಹೆಡ್ಮಾಸ್ಟರನ್ನು ಕೇಳಿದೆ. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಸ್ಕೂಲಿಗೆ ಬರುವವಳು ನಾನು ಎಂಬುದು ಅವರಿಗೆ ಗೊತ್ತಿತ್ತು. "ಸಗಣಿ ಬಾಚೋ ಕೈ ಕಣಮ್ಮಿ ನಿಂದು. ನಿಂಗ್ಯಾಕೆ ಅದು?" ಎಂದರು. ಕ್ಲಾಸು ನಕ್ಕಿತು. ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಮಕ್ಕಳು ಎಷ್ಟು ಕಲಿತಿದ್ದಾರೆಂದು ನೋಡಲು ಸಂಸ್ಥೆಯವರು ಬರುವ ದಿನ ಹೆಡ್ಮಾಸ್ಟರು ಫೋಟೋದವನನ್ನೂ ಕರೆಸಿದ್ದರು. ನನ್ನ ಯೂನಿಫಾರ್ಮು ಚೊಕ್ಕಟವಾಗಿತ್ತೆಂದು ನನ್ನನ್ನೇ ಕಂಪ್ಯೂಟರ್ ಮುಂದೆ ಕೂರಿಸಿ, ಬೆರಳು ಇಟ್ಟಿರಬೇಕು, ಒತ್ತಬಾರದು ಎಂದು ಹೆಡ್ಮಾಸ್ಟರು ಕಿವಿಯಲ್ಲಿ ಹೇಳಿದರು. ಫೋಟೋ ತೆಗೆದದ್ದಾಯಿತು. ಸಂಸ್ಥೆಯಿಂದ ಬಂದಿದ್ದ ಮೇಡಂ ಕಂಪ್ಯೂಟರ್ ಹಾಕುವಂತೆ ಹೆಡ್ಮಾಸ್ಟರಿಗೇ ಹೇಳಿದರು. ಅವರು ಹಿಂದೆ ತಡವಿದರು, ಪಕ್ಕಕ್ಕೆ ತಡವಿದರು. ಸ್ವಿಚ್ಚು ಸಿಗಲಿಲ್ಲ. ಕೊನೆಗೆ ಮೇಡಮ್ಮೇ ಹಾಕಿ, ನನ್ನ ಹೆಸರು ಒತ್ತಲು ಹೇಳಿದರು.

ಹುಡುಕಿದೆ. ಅಕ್ಷರಗಳು ಎ ಬಿ ಸಿ ಸಾಲಿನಲ್ಲೇ ಇರಲಿಲ್ಲ. ನನ್ನ ಹೆಸರಿನ ಮೊದಲ ಅಕ್ಷರವೇ ಸಿಗಲಿಲ್ಲ.

"ದಡ್ಡಿ ಮೇಡಂ ಇವ್ಳು. ಎಷ್ಟ್ ಹೇಳ್ಕೊಟ್ರೂ ತಲೆಗೆ ಹತ್ತಾಕಿಲ್ಲ" ಎಂದು ಹೆಡ್ಮಾಸ್ಟರು ನಕ್ಕರು.

"ಸುಳ್ಳು ಮೇಡಂ. ನಮ್ಮುನ್ನ ಒಳೀಕೆ ಬುಟ್ಟಿರೋದೇ ಇವತ್ತು" ಎಂದೆ.

ಮುಂದಿನ ತಿಂಗಳು ಸಂಸ್ಥೆಯವರು ಕಂಪ್ಯೂಟರನ್ನು ಕೆ.ಆರ್. ಪೇಟೆಯ ಕಡೆಯ ಇನ್ನೊಂದು ಸ್ಕೂಲಿಗೆ ಸಾಗಿಸಿದರು. ಇವಳ ಬಾಯಿಂದ ಹೋಯಿತು ಎಂದು ಹೆಡ್ಮಾಸ್ಟರು ಪ್ರಾರ್ಥನೆಯಲ್ಲಿ ನನ್ನನ್ನು ಮುಂದೆ ನಿಲ್ಲಿಸಿ ಹೇಳಿದರು. ಗೆಳತಿಯರು ಮಾತು ಬಿಟ್ಟರು. ಬರಿದಾದ ರೂಮಿಗೂ ಹೆಡ್ಮಾಸ್ಟರು ಬೀಗ ಹಾಕಿಯೇ ಇಟ್ಟರು.

ಅವರಿಗೆ ಹೆದರಿಕೆಯಿತ್ತು, ಅದು ಈಗ ಅರ್ಥವಾಗುತ್ತದೆ. ತಮಗೆ ಬಾರದ್ದು ನಮಗೆ ಬಂದುಬಿಟ್ಟರೆ ಎಂಬ ಹೆದರಿಕೆ. ಬಾರದಿರುವುದು ತಪ್ಪಲ್ಲ. ಕಲಿಯುವವರಿಗೆ ಅಡ್ಡ ನಿಂತದ್ದು ತಪ್ಪು. ನಾನು ಆಮೇಲೆ ಮೈಸೂರಿನಲ್ಲಿ, ನನಗಿಂತ ಚಿಕ್ಕವರ ನಡುವೆ ಕೂತು, ಮೊದಲಿನಿಂದ ಕಲಿತೆ. ಈಗ ನಾಗಮಂಗಲದಲ್ಲಿ ಕಂಪ್ಯೂಟರ್ ಟೀಚರು. ನನ್ನ ಕ್ಲಾಸಿನ ಮಕ್ಕಳು ನೆಗಡಿಯಲ್ಲೂ ಒತ್ತುತ್ತಾರೆ, ಮುದ್ದೆ ಉಂಡ ಕೈಯಲ್ಲೂ ಒತ್ತುತ್ತಾರೆ. ಕೀಲಿಮಣೆಯನ್ನು ನಾನೇ ಒರೆಸುತ್ತೇನೆ.

ಹೆಡ್ಮಾಸ್ಟರು ತೀರಿಕೊಂಡಾಗ ಸ್ಕೂಲಿನಲ್ಲಿ ಸಂತಾಪ ಸಭೆ ಇಟ್ಟು ಹಳೆಯ ವಿದ್ಯಾರ್ಥಿಗಳನ್ನು ಕರೆದರು. ನಾನೂ ಹೋದೆ. ಗೋಡೆಯ ಮೇಲೆ ಆ ಫೋಟೋ ಇನ್ನೂ ಇತ್ತು. ಎಣ್ಣೆ ಹಚ್ಚಿದ ಎರಡು ಜಡೆ, ಒತ್ತದೆ ಇಟ್ಟ ಹತ್ತು ಬೆರಳು. ಕೆಳಗೆ 'ಕಂಪ್ಯೂಟರ್ ಕಲಿಯುತ್ತಿರುವ ವಿದ್ಯಾರ್ಥಿನಿ' ಎಂಬ ಬರಹ. ಹಳ್ಳಿ ಮಕ್ಕಳಿಗೆ ಕಂಪ್ಯೂಟರ್ ತಂದುಕೊಟ್ಟ ಪುಣ್ಯಾತ್ಮರು ಎಂದು ಒಬ್ಬರು ಭಾಷಣ ಮಾಡಿದರು. ಮೌನಾಚರಣೆಗೆ ಎಲ್ಲರೂ ಎದ್ದರು.

ಪಕ್ಕದಲ್ಲಿದ್ದ ಹಳೆಯ ಗೆಳತಿ ಮೊಣಕೈಯಿಂದ ತಿವಿದು, "ಏಳಮ್ಮಿ, ಎಲ್ರೂ ನೋಡ್ತಾವ್ರೆ" ಎಂದಳು.

ನೋಡಲಿ ಎಂದು, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತೇ ಇದ್ದೆ.