ಮಣ್ಣಿನ ಧಾಟಿ

ಬೆಳಗಿನ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ದೋಣಿಯ ತಳ ಬಂಡೆಗೆ ತಾಗಿತು. ಆಗಷ್ಟೇ ಬ್ಯಾಂಡ್ ಮಾಸ್ತರರು ನನ್ನನ್ನು ಸಮಯ ಕೇಳಿದ್ದರು.

"ಲೇ ಬಿ.ಎ., ಎಷ್ಟಾತು?"

"ಹತ್ತೂ ಇಪ್ಪತ್ರಿ."

"ಹಂಗಾರ ಅಕ್ಕಿಕಾಳು ಬೀಳೂ ಹೊತ್ತಿಗೆ ಮುಟ್ತೇವಿ ತಗೋ."

ಒಂಬತ್ತು ಜನರ ಬ್ಯಾಂಡಿನಲ್ಲಿ ಕಾಲೇಜು ಕಲಿತವನು, ಕೈಗಡಿಯಾರ ಕಟ್ಟಿದವನು ನಾನೊಬ್ಬನೇ. ಈಜು ಬಾರದವನೂ ನಾನೊಬ್ಬನೇ.

ಎಪ್ಪತ್ತರ ದಶಕದ ಕೊನೆಯ ಮಾತು. ದೀಪಾವಳಿ ಕಳೆದು ಮದುವೆಗಳು ಶುರುವಾಗಿದ್ದವು, ಭೀಮೆಯಲ್ಲಿ ಇನ್ನೂ ನೀರಿತ್ತು. ಆಳಂದದಿಂದ ಬಸ್ಸು ಹಿಡಿದು ಚೌಡಾಪುರದಲ್ಲಿ ಇಳಿದು, ಹೊಳೆಯವರೆಗೆ ನಡೆದು, ಜೇವರ್ಗಿ ಸೀಮೆಯ ದಂಡೆಯಲ್ಲಿದ್ದ ಒಂದು ಹಳ್ಳಿಯ ಮದುವೆಗೆ ದಾಟುತ್ತಿದ್ದೆವು. ಮಾಸ್ತರರು ನಿಜಾಮರ ಕಾಲದ ಪಲ್ಟನ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ಕಲಿತವರು. ಧಾಟಿಗಳನ್ನು ತಾವೇ ಕಟ್ಟಿ, ಹಳೆಯ ಲಗ್ನಪತ್ರಿಕೆಗಳ ಬೆನ್ನಿಗೆ ಸರಿಗಮ ಬರೆದು ಹಂಚುತ್ತಿದ್ದರು. ಓದಲು ಬಾರದವರಿಗೆ ಬಾಯಲ್ಲಿ ಹಾಡಿ ಕಲಿಸುತ್ತಿದ್ದರು. ಒಂದನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ. ಹೆಂಡತಿ ತೀರಿಕೊಂಡಾಗ ಕಟ್ಟಿದ್ದು ಅದು. ಮಣ್ಣಿಗೆ ಒಯ್ಯುವಾಗ ಶವದ ಮುಂದೆ ನುಡಿಸುವುದು; ಕೇಳಿದರೆ ಸಾವೆಂದು ಸುತ್ತಲ ಊರುಗಳಿಗೆಲ್ಲ ಗೊತ್ತಿತ್ತು. ಮಣ್ಣಿನ ಧಾಟಿ ಎನ್ನುತ್ತಿದ್ದೆವು. ಅದರ ತಾಲೀಮನ್ನು ಮನೆಯೊಳಗೆ ಮಾಡುವಂತಿರಲಿಲ್ಲ, ಊರ ಹೊರಗಿನ ಬಯಲಿಗೇ ಹೋಗಬೇಕಿತ್ತು.

ತಳದ ಹಲಗೆ ಬಿರಿದು ನೀರು ಒಳಗೆ ನುಗ್ಗಿತು. ಅಂಬಿಗ ತಗಡಿನ ಡಬ್ಬಿಯಿಂದ ನೀರು ಗೋರಿ ಚೆಲ್ಲತೊಡಗಿದ. ಎದುರು ದಂಡೆಯಲ್ಲಿ ಹೆಣ್ಣಿನ ಕಡೆಯವರು ನಮಗಾಗಿ ಕಾಯುತ್ತ ಡೊಳ್ಳು ಬಾರಿಸುತ್ತಿದ್ದರು. ಕೂಗಿದೆವು, ಕೇಳಿಸಲಿಲ್ಲ. ಕೈ ಬೀಸಿದೆವು, ಅವರೂ ಖುಷಿಯಿಂದ ಕೈ ಬೀಸಿದರು.

"ಬಾಯಿಗಿಂತ ಪಿತ್ತಳಿ ಗಟ್ಟಿ ಐತಿ, ಊದ್ರಿ!" ಎಂದರು ಮಾಸ್ತರರು.

ಕೈಗೆ ರೂಢಿಯಾಗಿದ್ದ ಮೆರವಣಿಗೆಯ ಧಾಟಿಯೇ ಹೊರಟಿತು. ದಂಡೆಯ ಜನ ಕುಣಿಯಲು ಶುರುಮಾಡಿದರು. ಒಬ್ಬ ರುಮಾಲು ಬಿಚ್ಚಿ ಗಾಳಿಗೆ ತೂರಿದ.

ನೀರು ಮೊಣಕಾಲಿಗೆ ಬಂದಾಗ ಟ್ರಂಪೆಟ್ಟಿನ ಮೇಲಿದ್ದ ನನ್ನ ಬೆರಳುಗಳು ಮಣ್ಣಿನ ಧಾಟಿಗೆ ಹೊರಳಿದವು. ಯೋಚಿಸಿ ಮಾಡಿದೆನೆಂದು ಹೇಳಲಾರೆ. ಕಾರ್ನೆಟ್ ಊದುವವನು ಹೊಡೆಯುವವನಂತೆ ನನ್ನತ್ತ ತಿರುಗಿದ. ಮಾಸ್ತರರು ಒಂದು ಕ್ಷಣ ನನ್ನ ಮುಖ ನೋಡಿ, ಕ್ಲಾರಿನೆಟ್ ಎತ್ತಿ ಜೊತೆಗೂಡಿದರು. ಉಳಿದವರೂ ಕೂಡಿದರು.

ಕುಣಿತ ನಿಂತಿತು. ಡೊಳ್ಳು ನಿಂತಿತು, ನಾವೂ ಊದುವುದನ್ನು ನಿಲ್ಲಿಸಿದೆವು. ಆ ಮೌನದಲ್ಲಿ ಅಂಬಿಗನ ಕೂಗು ದಂಡೆಗೆ ಮುಟ್ಟಿತು. ನಾಲ್ಕಾರು ಜನ ನೀರಿಗೆ ಧುಮುಕಿದರು, ಇನ್ನೊಂದು ದೋಣಿ ಬಂತು. ದೊಡ್ಡ ಡ್ರಮ್ಮು ತೇಲಿಹೋಯಿತು. ನಾವು ಒಂಬತ್ತೂ ಜನ, ಜೊತೆಗೆ ಅಂಬಿಗ, ಬದುಕಿದೆವು.

ವಧುವಿನ ತಂದೆ ದಂಡೆಗೆ ಓಡಿಬಂದ. "ಹೆಣಾ ಹೊತ್ಕೊಂಡು ಬಂದೀರೇನ್ಲೇ ನನ್ನ ಮಗಳ ಲಗ್ನಕ್ಕ? ಅದನ್ನ ಎತ್ತಿದಂವ ಯಾವಂವ?"

ನಾನು ಬಾಯಿ ತೆರೆದೆ.

"ನಾನಽರಿ," ಎಂದರು ಮಾಸ್ತರರು.

ನಾನು ಬಾಯಿ ಮುಚ್ಚಿದೆ. ನಮಗೆ ಒಣ ಧೋತರ ಕೊಟ್ಟರು, ಹೊರಗಿನ ಕಟ್ಟೆಯ ಮೇಲೆ ಹೋಳಿಗೆ ಬಡಿಸಿದರು. "ಉಂಡು ಹೋಗ್ರಿ. ಬಾಜಾ ಬ್ಯಾಡ," ಎಂದರು.

ನಡುಹೊಳೆಯಲ್ಲಿ ಮಣ್ಣಿನ ಬಾಜಾ ಬಾರಿಸಿದ ಮಾಸ್ತರನೆಂಬ ಸುದ್ದಿ ಜೇವರ್ಗಿ ಕಡೆಯ ಅಂದೋಲಾದಿಂದ ಆಳಂದ ಕಡೆಯ ಮಟಕಿಯವರೆಗೆ ಹಬ್ಬಿತು. ಮದುವೆಗೆ ಕರೆಯುವವರು ಇಲ್ಲವಾದರು. ಸಾವಿಗೆ ಮಾತ್ರ ಕರೆ ಬರುತ್ತಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಬೇರೆ ಬ್ಯಾಂಡ್ ಸೇರಿದರು. ನಾನು ಜೇವರ್ಗಿಯಲ್ಲಿ ಅಧ್ಯಾಪಕನಾದೆ. ಆಳಂದದ ಮೇಲೆ ಹಾದುಹೋಗುವಾಗ ಬಸ್ಸಿನ ಕಿಟಕಿಯಿಂದ ಅವರು ಕಾಣುತ್ತಿದ್ದರು: ಬ್ಯಾಂಡಿನ ಅಂಗಡಿಯ ಕಟ್ಟೆಯ ಮೇಲೆ ಒಬ್ಬರೇ ಕೂತು ಕ್ಲಾರಿನೆಟ್ ಒರೆಸುತ್ತ. ನಾನು ಇಳಿಯಲಿಲ್ಲ. ದಿನವೂ ನಡುರಾತ್ರಿ ನಿದ್ದೆಯಲ್ಲಿ ಮೊಣಕಾಲು ತಣ್ಣಗಾಗಿ ಎಚ್ಚರವಾಗುತ್ತಿತ್ತು. ನೀರಿನ ನೆನಪು ಮುಗಿದರೆ ನಾನು ಮುಚ್ಚಿದ ಬಾಯಿಯ ನೆನಪು ಶುರುವಾಗುತ್ತಿತ್ತು.

ಎಂಟು ವರ್ಷ ಹೀಗೇ ಹೋಯಿತು. ಒಂದು ಆಗಸ್ಟ್ ಹದಿನೈದರಂದು ನೆಂಟರ ಮನೆಗೆಂದು ಅಫಜಲಪುರಕ್ಕೆ ಹೋಗಿದ್ದೆ. ಶಾಲೆಯೊಂದರ ಬಯಲಿನಿಂದ ಕೊಳಲುಗಳ ಸದ್ದು ಬಂತು. ಮಕ್ಕಳ ಸಾಲು ಕೊಳಲೂದುತ್ತ ಎಡಬಲ ಹೆಜ್ಜೆ ಹಾಕುತ್ತಿತ್ತು. ಒಬ್ಬಳ ಬೂಟಿನ ದಾರ ಬಿಚ್ಚಿ ಮಣ್ಣಿನಲ್ಲಿ ಎಳೆದಾಡುತ್ತಿತ್ತು. ಮುಂದೆ ಮಾಸ್ತರರು, ಈಗ ಆ ಶಾಲೆಯ ಮಕ್ಕಳಿಗೆ ಬ್ಯಾಂಡ್ ಕಲಿಸುವವರು, ಇನ್ನಷ್ಟು ಬಡಕಲಾಗಿ. ಧಾಟಿಯ ನಾಲ್ಕನೆಯ ಸಾಲಿಗೆ ನಾನು ನಿಂತುಬಿಟ್ಟೆ. ಮಣ್ಣಿನ ಧಾಟಿಯದೇ ಸ್ವರಗಳು, ನಡೆ ಮಾತ್ರ ದುಪ್ಪಟ್ಟು, ಕೆಳಗೆ ಡ್ರಮ್ಮಿನ ಪೆಟ್ಟು. ಜನ ತಾಳಕ್ಕೆ ಚಪ್ಪಾಳೆ ಹಾಕುತ್ತಿದ್ದರು.

"ಗುರ್ತ ಸಿಕ್ತಿಲ್ಲೋ ಬಿ.ಎ.? ಅದಕ್ಕ ಕಾಲು ಹಚ್ಚೇನಿ," ಎಂದರು ಮಾಸ್ತರರು, ಕವಾಯತು ಮುಗಿದ ಮೇಲೆ ಹತ್ತಿರ ಬಂದು.

"ಅವತ್ತ ಎತ್ತಿದಂವ ನಾ ಅಂತ ನಾನಽ ಹೇಳಬೇಕಿತ್ರಿ, ಮಾಸ್ತರ."

"ಹೇಳಿದ್ರ ನಿನಗ ಹೆಣ್ಣು ಯಾರು ಕೊಡ್ತಿದ್ರಲೇ?" ನಕ್ಕರು. ನಗು ಬೇಗ ನಿಂತಿತು. "ಆದ್ರ ಒಮ್ಮೆರ ಬಸ್ಸಿಂದ ಇಳೀಬೇಕಿತ್ತು ನೀ."

ಅವರೂ ನನ್ನನ್ನು ನೋಡುತ್ತಿದ್ದರೆಂದು ನನಗೆ ಗೊತ್ತೇ ಇರಲಿಲ್ಲ.

ಧ್ವಜ ಇಳಿಸುವವರೆಗೆ ಅವರ ಪಕ್ಕದಲ್ಲೇ ಕೂತೆ. ಯಾರದೋ ಕೊಳಲು ಕೈಗಿಟ್ಟು ನುಡಿಸು ಎಂದರು. ತಪ್ಪಿದೆ. "ಮದ್ಲ ಉಸಿರು ತಗೋ, ಆಮ್ಯಾಲ ಬೆರಳು," ಎಂದು ಗದರಿದರು. ಮತ್ತೆ ನುಡಿಸಿದೆ.

ಅಂದು ನೆಂಟರ ಮನೆಯಲ್ಲಿ ಮಲಗಿದವನಿಗೆ ನಡುರಾತ್ರಿ ಎಚ್ಚರವಾಗಲಿಲ್ಲ; ಎದ್ದಾಗ ಅಂಗಳದಲ್ಲಿ ಬಿಸಿಲು ಬಿದ್ದಿತ್ತು.